ಹನ್ನೆರಡನೆಯ ಹೆಸರು

ಕಾಲೇಜಿನ ವರಾಂಡದಲ್ಲಿ ಇದ್ದದ್ದು ಒಂದೇ ಬೆಂಚು. ಅದರ ಮೇಲೆ ಯಾರೂ ಇರಲಿಲ್ಲ. ಈಶ್ವರಿ ಮೆಟ್ಟಿಲಲ್ಲೇ ನಿಂತುಬಿಟ್ಟಳು.

"ಮುಗಿಯಿತು ಚಿಕ್ಕಮ್ಮ. ಸೀಟು ಭರ್ತಿಯಾಗಿ ಎಲ್ಲರೂ ಹೋಗಿ ಆಗಿದೆ."

"ಕೂತುಕೋ," ಎಂದಳು ಅಕ್ಕು.

1953ರ ಜುಲೈ. ಮಂಗಳೂರಿನಲ್ಲಿ ಹೆಣ್ಣುಮಕ್ಕಳಿಗೆಂದು ಹೊಸದಾಗಿ ತೆರೆಯಲಿದ್ದ ಆ ಕಾಲೇಜಿಗೆ ಅರ್ಜಿ ಕೊಡಲು ಅಂದೇ ಕಡೆಯ ದಿನ. ಇಬ್ಬರೂ ಬೆಳಿಗ್ಗೆ ಮಂಜೇಶ್ವರದಲ್ಲಿ ರೈಲು ಹತ್ತಿ ಬಂದಿದ್ದರು. ಅಂಕಗಳನ್ನು ಬರೆದಿದ್ದ ಎಸ್.ಎಸ್.ಎಲ್.ಸಿ. ಪುಸ್ತಕ ಈಶ್ವರಿಯ ಮಡಿಲಲ್ಲಿತ್ತು. ಅದನ್ನು ತೆರೆದು ನೋಡುವ ಅಗತ್ಯ ಅವಳಿಗಿರಲಿಲ್ಲ. ಗಣಿತದಲ್ಲಿ ಮೂವತ್ತಾರು. ಇಂಗ್ಲಿಷಿನಲ್ಲಿ ಮೂವತ್ತೊಂಬತ್ತು. ಕನ್ನಡದಲ್ಲಿ ಅರವತ್ತೊಂದು, ಆದರೆ ಕನ್ನಡದಲ್ಲಿ ಅರವತ್ತು ಯಾರಿಗಾದರೂ ಬರುತ್ತದೆ ಎಂದು ಅಪ್ಪ ಮೊದಲೇ ಹೇಳಿಬಿಟ್ಟಿದ್ದ.

ಅಪ್ಪ ಚೆನ್ನಪ್ಪನದು ಹೊಸಂಗಡಿಯಲ್ಲಿ ಬಟ್ಟೆ ಅಂಗಡಿ. ಹೆಚ್ಚು ಮಾತಿನವನಲ್ಲ. "ಸೀಟು ಸಿಕ್ಕಿದರೆ ಓದು. ಸಿಕ್ಕದಿದ್ದರೆ, ಆಟಿ ತಿಂಗಳಲ್ಲಿ ಮದುವೆ ಮಾತು ಆಗದು, ಅದು ಕಳೆದ ಕೂಡಲೇ ಬಂದ್ಯೋಡಿನವರಿಗೆ ಮಾತು ಕೊಡುತ್ತೇನೆ," ಎಂದಿದ್ದ. ಬಂದ್ಯೋಡಿನ ಹುಡುಗನನ್ನು ಈಶ್ವರಿ ಒಮ್ಮೆ ನೋಡಿದ್ದಳು. ಅವನಲ್ಲಿ ಕೆಟ್ಟದ್ದೇನೂ ಕಂಡಿರಲಿಲ್ಲ. ಬೇರೇನೂ ಕಂಡಿರಲಿಲ್ಲ.

ಅಕ್ಕು ಅವಳ ತಾಯಿಯ ತಂಗಿ. ಅಕ್ಕು ಎಸ್.ಎಸ್.ಎಲ್.ಸಿ. ಪರೀಕ್ಷೆ ಬರೆದು ಮುಗಿಸಿದ ತಿಂಗಳೇ ಅಕ್ಕ ತೀರಿಕೊಂಡಿದ್ದಳು. ಮೂರು ತಿಂಗಳ ಕೂಸನ್ನು ನೋಡಿಕೊಳ್ಳಲು, ಒಂದು ಮಳೆಗಾಲದ ಮಟ್ಟಿಗೆಂದು ಬಂದವಳು ಹದಿನಾರು ಮಳೆಗಾಲ ಆ ಮನೆಯಲ್ಲೇ ಕಳೆದಳು. ಅವಳು ಪಾಸಾದ ಸುದ್ದಿ ಬಂದದ್ದೂ ಆ ಮನೆಗೇ. ಮನೆಯ ಒಲೆ, ದನ, ಬಾವಿ ಎಲ್ಲವೂ ಅವಳದೇ. ರೈಲಿನಲ್ಲಿ ಈಶ್ವರಿಯ ಅರ್ಜಿ ಓದಿ, ಇಂಗ್ಲಿಷು ತಪ್ಪಿದ್ದ ಎರಡು ಕಡೆ ಅವಳೇ ಬೆರಳಿಟ್ಟು ತೋರಿಸಿದ್ದಳು.

ಗುಮಾಸ್ತ ಸಿಮೋನ್ ಬಾಗಿಲು ತೆರೆದು ಇಣುಕಿದ.

"ಅಡ್ಮಿಶನ್ನಿಗೆ ಬಂದದ್ದಾ? ಇಬ್ಬರೂ?"

"ಇವಳಿಗೆ," ಎಂದಳು ಅಕ್ಕು.

"ಒಬ್ಬಳೇ," ಎಂದು ಸಿಮೋನ್ ನಿಟ್ಟುಸಿರುಬಿಟ್ಟು ಒಳಗೆ ಹೋದ. ತನ್ನ ಮುಖದಲ್ಲೇ ಅಂಕ ಕಾಣಿಸುತ್ತಿರಬೇಕು ಎಂದುಕೊಂಡಳು ಈಶ್ವರಿ.

ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಒಳಗಿನಿಂದ ಹೆಂಗಸಿನ ದನಿ ಕೇಳಿಸಿತು. "ಮದರಾಸು ಯೂನಿವರ್ಸಿಟಿಯವರು ಹನ್ನೆರಡು ಅಂದರೆ ಹನ್ನೆರಡೇ, ಸಿಮೋನ್. ಅದರಲ್ಲಿ ಹಿಂದೆ ಮುಂದೆ ಇಲ್ಲ."

ಈಶ್ವರಿ ಚಿಕ್ಕಮ್ಮನ ಕೈ ಹಿಡಿದುಕೊಂಡಳು. ಇಡೀ ಜಿಲ್ಲೆಗೆ ಹನ್ನೆರಡು ಸೀಟು. ಮೂವತ್ತಾರು ಅಂಕದವಳಿಗೆ ಅದರಲ್ಲೊಂದನ್ನು ಯಾರು ಕೊಡುತ್ತಾರೆ?

ಕರೆ ಬಂತು. ಪ್ರಿನ್ಸಿಪಾಲರು ಕನ್ನಡಕ ಸರಿಪಡಿಸಿಕೊಂಡು ಪುಸ್ತಕದ ಹಾಳೆ ಮಗುಚಿದರು.

"ಗಣಿತ ಎಂತ ಹೀಗೆ?"

"ಪರೀಕ್ಷೆಯ ದಿನ ಜ್ವರ ಇತ್ತು," ಎಂದಳು ಅಕ್ಕು.

"ಜ್ವರ ಇರಲಿಲ್ಲ," ಎಂದಳು ಈಶ್ವರಿ. "ನನಗೆ ಗಣಿತ ಬರುವುದಿಲ್ಲ. ಚಿಕ್ಕಮ್ಮ ಹೇಳಿಕೊಟ್ಟದ್ದಕ್ಕೆ ಅಷ್ಟಾದರೂ ಬಂತು."

ಪ್ರಿನ್ಸಿಪಾಲರು ಪುಸ್ತಕ ಮುಚ್ಚಿದರು. ಅವರ ದೃಷ್ಟಿ ಅಕ್ಕುವಿನ ಕಡೆ ಹೊರಳಿತು. "ನೀನು ಹೊರಗೆ ಕೂತಿರು ಮಗಾ. ನಿನ್ನ ಚಿಕ್ಕಮ್ಮನ ಹತ್ತಿರ ಸ್ವಲ್ಪ ಮಾತಾಡಲಿಕ್ಕುಂಟು."

ಈಶ್ವರಿ ಹೊರಗೆ ಬಂದು ಬೆಂಚಿನ ತುದಿಯಲ್ಲಿ ಕುಳಿತಳು. ಕೆಟ್ಟ ಸುದ್ದಿಯನ್ನು ದೊಡ್ಡವರಿಗೇ ಹೇಳುವುದು ಕ್ರಮ. ಸಿಮೋನ್ ಕೇಳದೆಯೇ ಒಂದು ಲೋಟ ನೀರು ತಂದುಕೊಟ್ಟಾಗ ಅವಳಿಗೆ ಉಳಿದಿದ್ದ ಸಂಶಯವೂ ಹೋಯಿತು.

ಅರ್ಧ ಗಂಟೆಯಾಯಿತು. ಒಮ್ಮೆ ಅಕ್ಕುವಿನ ದನಿ ಎತ್ತರವಾಯಿತು. "ಅದು ಆಗುವ ಮಾತಲ್ಲ ಅಮ್ಮಾ. ಮನೆಯಲ್ಲಿ ನಾನು ಎಂತ ಹೇಳಲಿ?"

ಆಮೇಲೆ ಏನೂ ಕೇಳಿಸಲಿಲ್ಲ. ಹೊರಗೆ ಬಂದಾಗ ಅಕ್ಕುವಿನ ಕಣ್ಣು ಕೆಂಪಗಿತ್ತು. ಬಲಗೈಯ ಬೆರಳಿಗೆ ಶಾಯಿ ಮೆತ್ತಿತ್ತು.

"ಸಿಕ್ಕಿತು," ಎಂದಳು.

"ಎಂತ?"

"ಸೀಟು. ಮತ್ತೆಂತ?"

ಈಶ್ವರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಮೂವತ್ತಾರಕ್ಕೆ ಕೊಟ್ಟರಾ?"

"ಒಂದು ಷರತ್ತು ಉಂಟು."

"ಎಂತ ಷರತ್ತು?"

"ಅದು ಭಾವನ ಹತ್ತಿರ ಹೇಳುವಂಥದ್ದು. ನಡೆ, ರೈಲು ತಪ್ಪುತ್ತದೆ."

ರೈಲು ನೇತ್ರಾವತಿ ಸೇತುವೆ ದಾಟುವಷ್ಟರಲ್ಲಿ ಈಶ್ವರಿ ಏಳು ಷರತ್ತುಗಳನ್ನು ಊಹಿಸಿ ಆಗಿತ್ತು. ಮೊದಲ ಪರೀಕ್ಷೆಯಲ್ಲಿ ತಪ್ಪಿದರೆ ಹೊರಗೆ ಹಾಕುತ್ತಾರೆ ಎಂಬುದು ಅವುಗಳಲ್ಲಿ ಎಲ್ಲಕ್ಕಿಂತ ಸೌಮ್ಯವಾದದ್ದು. ಚಿಕ್ಕಮ್ಮ ತನಗಾಗಿ ಯಾವುದಕ್ಕೆ ಒಪ್ಪಿ ಬಂದಳೋ ಎಂಬುದೇ ಅವಳಿಗೆ ದೊಡ್ಡ ಹೆದರಿಕೆ. ಅಕ್ಕು ಕಿಟಕಿಯ ಹೊರಗೆ ನೋಡುತ್ತಿದ್ದಳು. ಉಳ್ಳಾಲ ಕಳೆದ ಮೇಲೆ ಒಮ್ಮೆ ತನ್ನಷ್ಟಕ್ಕೇ ನಕ್ಕಳು. ಅಂಥ ನಗುವನ್ನು ಈಶ್ವರಿ ಆ ಮುಖದಲ್ಲಿ ನೋಡಿದ್ದಿಲ್ಲ. ಅವಳ ಹೆದರಿಕೆ ಇನ್ನೂ ಹೆಚ್ಚಾಯಿತು.

ಅವರು ಮನೆ ಸೇರಿದಾಗ ಚೆನ್ನಪ್ಪ ಅಂಗಡಿಯಿಂದ ಬಂದು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದ.

"ಸಿಕ್ಕಿತೋ?"

"ಇವಳಿಗೆ ಸಿಕ್ಕಿತು ಭಾವ," ಎಂದಳು ಅಕ್ಕು. "ಆದರೆ ಇವತ್ತು ಸಂಜೆಯೊಳಗೆ ಹನ್ನೆರಡು ಜನ ಸೇರದಿದ್ದರೆ ಕಾಲೇಜು ತೆರೆಯಲು ಮದರಾಸಿನವರು ಬಿಡುವುದಿಲ್ಲವಂತೆ. ಈಶ್ವರಿ ಹನ್ನೊಂದನೆಯವಳು."

ಚೆನ್ನಪ್ಪ ತಂಬಿಗೆಯನ್ನು ಕೆಳಗಿಟ್ಟ. "ಅಷ್ಟು ದೊಡ್ಡ ಮಂಗಳೂರಿನಲ್ಲಿ ಹನ್ನೊಂದೇ ಜನವಾ! ಹಾಗಾದರೆ ಕಾಲೇಜೇ ಇಲ್ಲ ಎಂದಾಯಿತಲ್ಲ. ಹೊತ್ತು ಮುಳುಗುವುದರೊಳಗೆ ಹನ್ನೆರಡನೆಯವಳನ್ನು ಅವರು ಎಲ್ಲಿಂದ ತರುವುದು?"

"ಸಿಕ್ಕಿದಳು," ಎಂದಳು ಅಕ್ಕು. "ಸೋಮವಾರದಿಂದ ಅಡುಗೆಗೆ ಒಬ್ಬರನ್ನು ನೋಡಿ ಭಾವ, ನಮ್ಮಿಬ್ಬರಿಗೂ ಬೆಳಿಗ್ಗೆ ರೈಲಿಗೆ ಹೋಗಬೇಕು."