ಹಿತ್ತಾಳೆಯ ನಾಬ್

“ಈ ಒಡೆದ ನಾಬ್ ಎಸೆದುಬಿಡಲಾ?” ಎಂದು ಹೆಂಡತಿ ಅಂಗೈ ಚಾಚಿದಾಗ ರೇಡಿಯೋ ರಿಪೇರಿಯವನು ಧಡಕ್ಕನೆ ಎದ್ದು ನಿಂತ. ಅವಳ ಕೈಯಲ್ಲಿದ್ದದ್ದು ಪ್ಲಾಸ್ಟಿಕ್ಕಿನದು. ಅದರ ಬದಲಿಗೆ ಅವನು ಟೈಲರಮ್ಮನ ಹಳೇ ರೇಡಿಯೋಗೆ ಹಾಕಿ ಕಳಿಸಿದ್ದು ಹಿತ್ತಾಳೆಯದು.

ಯಾರೋ ಅಣ್ಣತಮ್ಮಂದಿರು ಒಂದು ಶೆಡ್ಡಿನಲ್ಲಿ ಅಂಥ ಇನ್ನೂರು ಚಿಲ್ಲರೆ ವಾಲ್ವ್ ರೇಡಿಯೋ ಮಾಡಿ ಕದ ಮುಚ್ಚಿದ್ದರಂತೆ. ಮೂವತ್ತು ವರ್ಷದ ಕಸುಬಿನಲ್ಲಿ ಅವನು ಕಂಡದ್ದು ಇದೊಂದೇ. ಇದರ ಬಿಡಿಭಾಗ ಎಲ್ಲಿಂದ ತರಬೇಕು? ಹೊಳೆಯುವ ಹಿತ್ತಾಳೆ ನಾಬ್ ಕೂರಿಸಿ ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ. ಆ ಪುಣ್ಯಾತ್ಮರು ಒಳಗೆ ಟ್ರಾನ್ಸ್‌ಫಾರ್ಮರ್ ಇಟ್ಟಿರಲಿಲ್ಲ. ಗೋಡೆಯ ಕರೆಂಟು ನೇರವಾಗಿ ಒಳಗಿನ ತಗಡಿಗೆ, ತಗಡಿನಿಂದ ಹಿತ್ತಾಳೆಯ ನಾಬಿಗೆ. ಗೊತ್ತಿದ್ದೂ ಮರೆತಿದ್ದ.

“ಟೈಲರಮ್ಮ ಯಾವಾಗ ಒಯ್ದರು?”

“ಅರ್ಧ ಗಂಟೆ ಆಯ್ತು. ಅವರತ್ತೆ ಸ್ನಾನ ಮುಗಿಸೋಷ್ಟರಲ್ಲಿ ಹಾಡು ಹಾಕಿಡ್ತೀನಿ ಅಂದ್ರು. ಯಾಕ್ರೀ, ಮುಖ ಹೀಗಾಯ್ತು?”

ಟೈಲರಮ್ಮನಿಗೆ ಮಾಡಿದ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಚಪ್ಪಲಿಯನ್ನೂ ಮೆಟ್ಟದೆ ಓಡಿದ. ‘ಸ್ನಾನ’ ಎಂಬ ಮಾತು ಮೂರು ಬೀದಿಯುದ್ದಕ್ಕೂ ಬೆನ್ನು ಹತ್ತಿ ಬಂತು. ಟೈಲರಮ್ಮನ ಮನೆಯ ಮೆಟ್ಟಿಲಲ್ಲೇ ರೇಡಿಯೋದ ಹಾಡು ಕೇಳಿಸಿತು. ಬಾಗಿಲು ಬಡಿದ. ಹಾಡು ಬಿಟ್ಟರೆ ಉಸಿರಿಲ್ಲ. ಭುಜ ಕೊಟ್ಟು ತಳ್ಳಿದ.

ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು, ಬರಿಗಾಲಲ್ಲಿ ನಿಂತಿದ್ದ ಅತ್ತೆ ನಾಬ್ ತಿರುಗಿಸುತ್ತಿದ್ದರು.

“ಏನಪ್ಪಾ, ಸತ್ತೋರ ಮನೆಗೆ ಬಂದ ಹಾಗೆ ಬಂದ್ಯಲ್ಲ?”

ಅವನು ನುಗ್ಗಿ ಪ್ಲಗ್ ಕಿತ್ತ. ಹಾಡು ನಿಂತದ್ದಕ್ಕೆ ಟೈಲರಮ್ಮ ಒಳಗಿನಿಂದ ಬಂದರು.

“ಮತ್ತೆ ಕೆಟ್ಟೋಯ್ತಾ?”

“ಇಲ್ಲ. ಪ್ಲಗ್ ಹಾಕಿದ್ದು ನೀವಾ?”

“ಹೂಂ. ಮೊದಲು ಸರಿಯಾಗಿ ಕೂರಲಿಲ್ಲ. ತಿರುಗಿಸಿ ಹಾಕಿದೆ.”

ಎರಡು ಕಡ್ಡಿಯ ಪ್ಲಗ್ಗು. ಒಂದು ಬಗೆಯಲ್ಲಿ ಹಾಕಿದರೆ ನಾಬ್ ನಿರಪಾಯ, ಇನ್ನೊಂದು ಬಗೆಯಲ್ಲಿ ಹಾಕಿದರೆ ಯಮ. ನಂಬಲಾಗದೆ ಅವನು ಟೈಲರಮ್ಮ ಮೊದಲು ಹಾಕಹೊರಟಿದ್ದ ಹಾಗೆಯೇ ಪ್ಲಗ್ ಒತ್ತಿ ಕೂರಿಸಿದ. ಜೇಬಿನಿಂದ ಟೆಸ್ಟರ್ ತೆಗೆದು ನಾಬಿಗೆ ತಾಗಿಸಿದ. ಟೆಸ್ಟರಿನ ಹೊಟ್ಟೆಯಲ್ಲಿ ಸಣ್ಣ ಕೆಂಪು ದೀಪ ಹೊತ್ತಿಕೊಂಡಿತು.

“ಎಷ್ಟು ಮುದ್ದಾಗಿದೆ ನೋಡೇ ದೀಪ,” ಎಂದು ಅತ್ತೆ ಬಗ್ಗಿ, ಒದ್ದೆ ಕೈ ಮುಂದೆ ಚಾಚಿದರು.

ಅವನು ಅವರ ಮಣಿಕಟ್ಟು ಹಿಡಿದುಕೊಂಡ. ಪ್ಲಗ್ ಕಿತ್ತು ಎಸೆದ ಮೇಲೂ ಆ ಕೈ ಬಿಡಲು ಅವನಿಗೆ ಧೈರ್ಯ ಬರಲಿಲ್ಲ.