ನಡಿಗೆಯ ವೇಗ

ದೋನ್ ಎವೆಲಿಯೊನ ಹಳೆಯ ಪಿಕಪ್ ನಡಿಗೆಯ ವೇಗಕ್ಕೆ ಇಳಿದಾಗ ಮಾತ್ರ ಕೆಮ್ಮಿ ಸೊರಗುತ್ತಿತ್ತು. ಜೋರಾಗಿ ತುಳಿದರೆ ಸರಾಗ ಓಡುತ್ತಿತ್ತು. ಮೆಕ್ಯಾನಿಕ್ ನೆರಿ ಶೆಡ್ಡಿನೊಳಗೆ ಸ್ಕ್ಯಾನರ್ ಜೋಡಿಸಿ, ಮುದುಕನಿಂದ ಮತ್ತೆ ಮತ್ತೆ ಆಕ್ಸಿಲರೇಟರ್ ತುಳಿಸಿ ನೋಡಿದ. ಏನೂ ಸಿಗಲಿಲ್ಲ.

“ಜೋರಾಗೇ ಓಡ್ಸಿ ಬಿಡಿ ದೋನ್ ಎವೆಲಿಯೊ. ನಿಧಾನಕ್ಕೆ ಹೋಗೋಕೆ ಇದೇನು ಮದುವೆ ದಿಬ್ಬಣನಾ?”

“ಶುಕ್ರವಾರ ಮೆರವಣಿಗೆ ಐತೆ.”

ಉಲುವಾ ನದಿ ದಡದ ಬಾಳೆತೋಟದ ಕಾರ್ಮಿಕರ ಮೆರವಣಿಗೆಗಳಿಗೆಲ್ಲ ತಲೆಯ ಮೇಲೆ ಲೌಡ್‌ಸ್ಪೀಕರ್ ಹೊತ್ತು ಮುಂದೆ ಹೋದದ್ದು ಇದೇ ಗಾಡಿ. ಹಿಂದೆ ಊರಿಗೆ ಊರೇ ಇರುತ್ತಿತ್ತು. ಆಮೇಲೆ ತೋಟದ ಕಂಪನಿ ತನ್ನ ಹೆಸರಿನ ಬೋರ್ಡು ಬದಲಿಸಿತು, ಆಳುಗಳನ್ನು ಮೂರು ಮೂರು ತಿಂಗಳ ಕರಾರಿಗೆ ಕಟ್ಟಿಹಾಕಿತು. ಈ ಗಾಡಿಯ ಹಿಂದೆ ಕಂಡ ಮುಖಕ್ಕೆ ಮುಂದಿನ ಕರಾರು ಇಲ್ಲ. ಗುಂಡು ಹೊಡೆಯುವುದಕ್ಕಿಂತ ಅಗ್ಗದ ಉಪಾಯ. ಕಳೆದ ಸಲ ಕನ್ನಡಿಯಲ್ಲಿ ಎವೆಲಿಯೊಗೆ ಕಂಡದ್ದು ಧೂಳು, ಮತ್ತೆ ಒಂದು ನಾಯಿ. ಈ ಶುಕ್ರವಾರ ಗಾಡಿಯೂ ನಿಂತುಬಿಟ್ಟರೆ, ಅಲ್ಲಿಗೆ ಎಲ್ಲ ಮುಗಿಯಿತೆಂದು ಊರು ನಿರಾಳವಾಗುತ್ತಿತ್ತು.

ಕೊನೆಗೆ ರಸ್ತೆಯ ಮೇಲೇ ನೋಡಬೇಕಾಯಿತು. ಪಕ್ಕದ ಸೀಟಿನಲ್ಲಿ ಮೈಕಿನ ಆಂಪ್ಲಿಫೈಯರು, ಬ್ಯಾಟರಿ ಬಿಗಿದಿದ್ದವು, ಕೂರಲು ಜಾಗವಿಲ್ಲ. ನೆರಿ ಉದ್ದನೆಯ ತಂತಿಯನ್ನು ಕಿಟಕಿಯಿಂದ ಎಳೆದುಕೊಂಡು, ಸ್ಕ್ಯಾನರ್ ಕೈಯಲ್ಲಿ ಹಿಡಿದು, ಗಾಡಿಗಿಂತ ಒಂದು ಹೆಜ್ಜೆ ಹಿಂದೆ ನಡೆದ. ಆಕ್ಸಿಲರೇಟರ್ ಪೆಡಲಿಗೆ ಎರಡು ಸೆನ್ಸರ್. ಎರಡೂ ಒಂದೇ ಮಾತು ಹೇಳಬೇಕು, ಇಲ್ಲವಾದರೆ ಎಂಜಿನ್ ಯಾವುದನ್ನೂ ನಂಬುವುದಿಲ್ಲ. ಪರದೆಯ ಮೇಲೆ ಎರಡು ಗೆರೆಗಳು ಜೊತೆಜೊತೆಗೆ ಸಾಗುತ್ತಿದ್ದವು. ಗುಂಡಿಯೊಂದಕ್ಕೆ ಇಳಿದು ಗಾಡಿ ಅದುರಿದ್ದೇ ತಡ, ಒಂದು ಗೆರೆ ಕುಸಿದುಬಿತ್ತು. ಗಾಡಿ ನಿಂತಿತು.

“ಸಿಕ್ತು,” ಎಂದ ನೆರಿ. “ಒಂದು ಸೆನ್ಸರ್ ಸವೆದು ಹೋಗಿದೆ, ಅದೂ ಒಂದೇ ಜಾಗದಲ್ಲಿ. ನಿಮ್ಮ ಕಾಲು ಇಷ್ಟು ವರ್ಷ ಅಲ್ಲೇ ಕೂತಿತ್ತಲ್ಲ. ನಾಳೆ ಬೇರೆ ಪೆಡಲ್ ಹಾಕ್ಕೊಡ್ತೀನಿ.”

ಅವರು ನಿಂತದ್ದು ಕಂಪನಿಯ ಗೇಟಿನ ಎದುರಿಗೆ. ಕಾವಲುಗಾರ ಚೆಪೆ ಫೋಟೋ ತೆಗೆಯಲು ಆಗಲೇ ಫೋನೆತ್ತಿ ಹಿಡಿದಿದ್ದ.

“ಏನ್ಲಾ ನೆರಿ, ನೀನೂ ಮೆರವಣಿಗೆ ಶುರು ಹಚ್ಕೊಂಡ್ಯಾ?”

ಕಂಪನಿಯ ಗಾಡಿಗಳೆಲ್ಲ ಬರುತ್ತಿದ್ದುದು ನೆರಿಯ ಶೆಡ್ಡಿಗೇ. ಅವನು ಸ್ಕ್ಯಾನರನ್ನು ಘೋಷಣೆಯ ಫಲಕದಂತೆ ತಲೆಯ ಮೇಲೆತ್ತಿ ತೋರಿಸಿದ.

“ರಿಪೇರಿ ಕಣಣ್ಣ. ಬರೀ ರಿಪೇರಿ.”

ಚೆಪೆ ನಕ್ಕು ಫೋನ್ ಇಳಿಸಿದ. ತಂತಿ ಕೀಳಲೆಂದು ನೆರಿ ಕಿಟಕಿಯೊಳಗೆ ಬಾಗಿದಾಗ ಮುದುಕ ಎಂಜಿನ್ನನ್ನು ಮತ್ತೆ ಚಾಲೂ ಮಾಡಿ ಅವನ ಕೈ ಹಿಡಿದುಕೊಂಡ. ಕಣ್ಣು ಮಾತ್ರ ಕನ್ನಡಿಯಲ್ಲೇ ಇತ್ತು.

“ರಿಪೇರಿ ಅಂತಲೇ ಹೇಳ್ಕೊ ಮಗಾ,” ಎಂದ. “ಊರ ಚೌಕದ ತನಕ ಹಿಂಗೇ ಗಾಡಿ ಹಿಂದೆ ನಡಿ.”