ಹಳದಿ ಬ್ಲಾಕಿನ ಖಾಲಿ ಜಾಗ

ತೀರ್ಪು ಕೋರ್ಟಿನದು, ಆದೇಶದ ಬ್ಲಾಕುಗಳನ್ನು ಜೋಡಿಸಿ ಶಿಕ್ಷೆಯ ಆ್ಯಪ್ ಕಟ್ಟುವ ಪಾಳಿ ಮಾತ್ರ ಸತ್ತವರ ಮನೆಯವರದು. ಫಕೀರವ್ವ ಮೊಬೈಲಿನಲ್ಲಿ 'ಹೊಡೆ' ಎಂಬ ಕೆಂಪು ಬ್ಲಾಕನ್ನು ಬೆರಳಿನಿಂದ ಎಳೆದು, 'ಎಲ್ಲಿಯವರೆಗೆ' ಎಂಬ ಹಳದಿ ಬ್ಲಾಕಿನ ಹೊಟ್ಟೆಯೊಳಗೆ ಕೂರಿಸಿದಳು. ಗಾಜಿನಾಚೆ, ಅವಳ ಮಗಳನ್ನು ಒನಕೆಯಿಂದ ಬಡಿದು ಕೊಂದ ಅಳಿಯನನ್ನು ಆ್ಯಪ್ ಹೇಳಿದಷ್ಟು ಹೊಡೆಯುವ ಕಬ್ಬಿಣದ ತೋಳಿನ ಯಂತ್ರದ ಮುಂದೆ ಕಟ್ಟಿಹಾಕಿದ್ದರು.

"ಯವ್ವಾ, ಎಲ್ಲೀತನಕ ಹೊಡೀಬೇಕು ಅಂತ ಬರೆಯೋ ಹಳದಿ ಜಾಗ ಖಾಲಿ ಬಿಟ್ರ ಆ್ಯಪ್ ಓಡಂಗಿಲ್ಲ," ಎಂದ ಗುಮಾಸ್ತ. "ಹತ್ತು ಏಟು ಅಂತ ಹಾಕ್ರಿ. ಎಲ್ಲಾರೂ ಅಷ್ಟ ಹಾಕ್ತಾರ."

"ನನ್ನ ಮಗಳು ಒದರೂವಾಗ ಇವ ಎಣಿಸಿದ್ನೇನ?"

ಫಕೀರವ್ವ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು: 'ನನ್ನ ಮಗಳು ಸಾಕು ಅನ್ನುವವರೆಗೆ.'

ಆ್ಯಪ್ ಯಾವ ತಪ್ಪನ್ನೂ ತೋರಿಸದೆ ಓಡತೊಡಗಿತು. ಮೊದಲ ಏಟಿಗೇ ಗಾಜಿಗೆ ರಕ್ತ ಸಿಡಿಯಿತು. ಫಕೀರವ್ವ ಸೆರಗು ಸರಿಮಾಡಿಕೊಂಡು, ಮಗಳ ದನಿಗಾಗಿ ಕಿವಿಗೊಟ್ಟು ಕೂತಳು.